ಹೊಸ ಹಾಡಿಗೆ ಒನ್ಸ್ ಮೋರ್

ಕಾಚಿಗುಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಎರಡನೇ ಅಂತಸ್ತಿನಲ್ಲಿದ್ದ ನಮ್ಮ ಮನೆಗೆ ಮೂರು ಕೋಣೆ ಮತ್ತು ಒಂದೇ ಕನ್ನಡಿ. ಕನ್ನಡಿ ಇದ್ದ ಕೋಣೆ ಅತ್ತಿಯದು. ಉಳಿದ ಎರಡರಲ್ಲಿ ಅಪ್ಪ, ಅವ್ವ, ನಾನು ಮತ್ತು ಬೇಗಂ ಬಜಾರಿನ ನಮ್ಮ ಸ್ಟೀಲ್ ಪಾತ್ರೆಯ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಡಬ್ಬಿಗಳು ಹೊಂದಿಕೊಂಡು ಇರುತ್ತಿದ್ದೆವು. ತಲೆ ಬಾಚಬೇಕಾದರೆ ನಾನು ಆ ಡಬ್ಬಿಗಳ ಮುಚ್ಚಳ ನೋಡಿಕೊಂಡು ಬಾಚುತ್ತಿದ್ದೆ. ಮುಚ್ಚಳದಲ್ಲಿ ನನ್ನ ಮುಖ ಅಗಲವಾಗಿ, ಮೂಗು ಬದನೆಕಾಯಿಯಂತೆ ಕಾಣುತ್ತಿತ್ತು. ತಪ್ಪು ಮುಚ್ಚಳದ್ದು ಎಂದು ಬಹಳ ವರ್ಷ ನಂಬಿದ್ದೆ. ಒಂದು ದಿನ ಅತ್ತಿ ಸ್ನಾನಕ್ಕೆ ಹೋದಾಗ ಒಳಗೆ ನುಗ್ಗಿ ಅಸಲಿ ಕನ್ನಡಿ ನೋಡಿದೆ. ಪಾಪ, ಮುಚ್ಚಳ ಸುಳ್ಳು ಹೇಳಿರಲಿಲ್ಲ.

ಅತ್ತಿ ಅಂದರೆ ಅಪ್ಪನ ಅಕ್ಕ. ಮನೆಯವರಿಗೆ ರತ್ನವ್ವ, ನಾಟಕ ಕಂಪನಿಯ ಬೋರ್ಡಿನ ಮೇಲೆ ರತ್ನಮಾಲಾ. ಉತ್ತರ ಕರ್ನಾಟಕದ ಊರೂರು ತಿರುಗುತ್ತಿದ್ದ ಒಂದು ಕಂಪನಿಯಲ್ಲಿ ಅವಳು ತಾನೇ ಹಾಡಿಕೊಂಡು ನಟಿಸುವ ನಾಯಕಿಯಾಗಿದ್ದಳು. ರಾಜಕುಮಾರಿಯ ವೇಷದಲ್ಲಿ ಉಯ್ಯಾಲೆಯ ಮೇಲೆ ಕೂತು ಅವಳು ಹಾಡುತ್ತಿದ್ದ ಹಾಡಿಗಾಗಿಯೇ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬರುತ್ತಿದ್ದರಂತೆ. ಕಂಪನಿ ಮುಚ್ಚಿತು. ಅತ್ತಿ ಎರಡು ಟ್ರಂಕು ತೆಗೆದುಕೊಂಡು, ನಾಲ್ಕು ದಿನ ಇದ್ದು ಹೋಗುತ್ತೇನೆಂದು ತಮ್ಮನ ಮನೆಗೆ ಬಂದಳು. ಆ ನಾಲ್ಕು ದಿನದಲ್ಲಿ ನಾನು ಹುಟ್ಟಿದೆ, ಬೆಳೆದೆ, ಮೀಸೆ ಬಂತು. ಅವಳು ಯಾವ ಕೋಣೆಗೂ ಸುಮ್ಮನೆ ಬರುತ್ತಿರಲಿಲ್ಲ, ಪ್ರವೇಶ ಮಾಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ಯಾರಾದರೂ ತಲೆ ಎತ್ತಿ ನೋಡಿದ ಮೇಲೆಯೇ ಒಳಗೆ ಕಾಲಿಟ್ಟು "ಚಹಾ ಐತೇನು?" ಎನ್ನುತ್ತಿದ್ದಳು. ಅವ್ವ ಬೇಕೆಂದೇ ತಲೆ ಎತ್ತುತ್ತಿರಲಿಲ್ಲ. ಹಾಗಾಗಿ ಎಷ್ಟೋ ದಿನ ಅತ್ತಿ ಬಾಗಿಲಲ್ಲೇ ನಿಂತು ಅವಳ ಚಹಾ ಒಳಗೆ ತಣ್ಣಗಾಗಿದೆ.

ಹೈದರಾಬಾದಿನಲ್ಲಿ ಕನ್ನಡದವರು ಎಲ್ಲೇ ಸೇರಿದರೂ ಅತ್ತಿಗೆ ಕರೆ ಬರುತ್ತಿತ್ತು. ಸೀರೆ ಅಂಗಡಿಯ ರಿಬ್ಬನ್ನು, ಅಪಾರ್ಟ್‌ಮೆಂಟಿನ ಗಣಪತಿ, ಕಿಟ್ಟಿ ಪಾರ್ಟಿಯವರ ರಂಗೋಲಿ ಸ್ಪರ್ಧೆ, ಎಲ್ಲಕ್ಕೂ ಅವಳೇ ಮುಖ್ಯ ಅತಿಥಿ. ಒಂದು ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ನಮ್ಮ ಕಡೆಯವರೊಬ್ಬರು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಅಂಗಡಿ ಇಟ್ಟಿದ್ದರು. ಉದ್ಘಾಟನೆಗೆ ಅತ್ತಿ. ಜರತಾರಿ ಸೀರೆ, ಕಿವಿಯಲ್ಲಿ ಬುಗುಡಿ, ಕೈಯಲ್ಲಿ ಕತ್ತರಿ. ಹಾದು ಹೋಗುತ್ತಿದ್ದವನೊಬ್ಬ ನಿಂತು, ಈಕೆ ಯಾರೆಂದು ಅಂಗಡಿಯವನನ್ನು ಕೇಳಿದ.

"ಈಮೆ ಎವರು ಭಾಯ್?"

"ಬಹುತ್ ಬಡೀ ಹೀರೋಯಿನ್ ಹೈ. ಉಧರ್ ಕೀ."

"ಕಿಧರ್ ಕೀ?"

"ಉಧರ್ ಕೀ," ಎಂದು ಅಂಗಡಿಯವನು ಚಟ್ನಿಯ ಡಬ್ಬಿಗಳ ಕಡೆ ಕೈ ತೋರಿಸಿದ.

ಮೈಕು ಎಲ್ಲಿ ಸಿಕ್ಕರೂ ಅತ್ತಿ ಎರಡು ಕೆಲಸ ಮಾಡುತ್ತಿದ್ದಳು. ಕೇಳುವವರು ಕೇಳುವ ಮೊದಲೇ ಉಯ್ಯಾಲೆ ಹಾಡು ಹಾಡುವುದು, ಆಮೇಲೆ "ಸದ್ಯದಾಗ ಒಂದು ಹೊಸಾ ನಾಟಕ ತರಾಕತ್ತೀನಿ, ನಿಮ್ಮ ಆಶೀರ್ವಾದ ಇರಲಿ" ಎನ್ನುವುದು. ಹೊಸ ಯೋಜನೆಗಳಿಗೆ ಅವಳಲ್ಲಿ ಬರ ಇರಲಿಲ್ಲ. ಮುದುಕಿಯಾದ ದ್ರೌಪದಿಯ ನಾಟಕ ಒಂದು, ಭಕ್ತಿಗೀತೆಗಳ ಸಿ.ಡಿ. ಒಂದು, ಟಿ.ವಿ. ಧಾರಾವಾಹಿಯ ಅತ್ತೆಯ ಪಾತ್ರ ಒಂದು. ದ್ರೌಪದಿಗೆ ಐದು ಮಂದಿ ಗಂಡಂದಿರನ್ನು ಹುಡುಕುವುದರಲ್ಲಿ ಆ ನಾಟಕ ನಿಂತಿತು. ನಮ್ಮ ಗಲ್ಲಿಯಲ್ಲಿ ಧೋತರ ಉಡಲು ಒಪ್ಪಿದವನು ಅಪ್ಪ ಒಬ್ಬನೇ, ಅವನು ತಮ್ಮ. ಸಿ.ಡಿ. ಹೊರಬರುವ ಹೊತ್ತಿಗೆ ಸಿ.ಡಿ. ಹಾಕುವ ಯಂತ್ರವೇ ಮನೆಮನೆಗಳಿಂದ ಮಾಯವಾಗಿತ್ತು. ಧಾರಾವಾಹಿಯವರಿಗೆ ಅತ್ತಿಯ ಅಳು ದೊಡ್ಡದಾಯಿತಂತೆ. ಕೊನೆಯ ಸಾಲಿನವರಿಗೆ ಕೇಳುವಂತೆ ಅತ್ತು ಅಭ್ಯಾಸವಾದವಳು, ಕ್ಯಾಮೆರಾ ಪಕ್ಕದಲ್ಲೇ ಇದ್ದರೆ ಏನು ಮಾಡಿಯಾಳು?

ಕಾರ್ಯಕ್ರಮ ಇದೆ ಎಂದರೆ ಅದರ ಹಿಂದಿನ ದಿನದಿಂದ ನಮ್ಮ ಮನೆಯಲ್ಲಿ ಒಗ್ಗರಣೆ ಬಂದ್. ಮೆಣಸಿನಕಾಯಿಯ ಘಾಟು ಗಂಟಲಿಗೆ ಹೋಗಬಾರದು. ಈ ಒಂದು ವಿಷಯಕ್ಕೆ ಅವ್ವ ಮತ್ತು ಅತ್ತಿ ಆಡಿದ ಜಗಳವನ್ನು ನಾನು ಈಗಲೂ ಎರಡೂ ದನಿಯಲ್ಲಿ, ತಡವರಿಸದೆ, ಆಡಿ ತೋರಿಸಬಲ್ಲೆ.

"ಸುಮಿತ್ರಾ, ನಾಳೆ ನಂದು ಕಾರ್ಯಕ್ರಮ ಐತಿ. ಒಗ್ಗರಣಿ ಬ್ಯಾಡ."

"ಒಗ್ಗರಣಿ ಇಲ್ಲದ ಬ್ಯಾಳಿ ಹೆಂಗ ತಿನ್ನೂದ್ರಿ ಅಕ್ಕಾರ? ದವಾಖಾನಿ ಊಟ ಆಕ್ಕೈತಿ."

"ಒಂದಿನ ತಿಂದ್ರ ಯಾರೂ ಸಾಯೂದಿಲ್ಲ. ನನ್ನ ಗಂಟಲಾ ಸತ್ರ ಮತ್ತ ಹುಟ್ಟೂದಿಲ್ಲ."

"ಅಂದ್ರ ಈ ಮನ್ಯಾಗ ಗಂಟಲಾ ನಿಮಗೊಬ್ಬರಿಗೇ ಐತೇನ್ರಿ?"

ಇಷ್ಟರಲ್ಲಿ ಅಪ್ಪ ಚಪ್ಪಲಿ ಮೆಟ್ಟಿ "ಅಂಗಡಿ ಕಡೆ ಹೋಗಿ ಬರ್ತೀನಿ" ಎಂದು ಮೆಟ್ಟಿಲಿಳಿಯುತ್ತಿದ್ದ. ಭಾನುವಾರವೂ ಇಳಿಯುತ್ತಿದ್ದ. ಅವನು ಬೀಗ ಹಾಕಿದ ಅಂಗಡಿಯ ಮುಂದೆ ಏನು ಮಾಡುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪಕ್ಕದ ಕೋಣೆಯಲ್ಲಿ ಕೂತು ಅದೇ ಜಗಳವನ್ನು ಮತ್ತೊಮ್ಮೆ ಆಡುವುದು ನನ್ನ ಪಾಲಿನ ಕೆಲಸ. ಆಗ ನನಗೆ ದನಿ ಒಡೆಯುವ ವಯಸ್ಸು. ನನ್ನ ಸ್ವಂತ ದನಿ ಬೆಳಿಗ್ಗೆ ಕೋಳಿಯಂತೆ, ಸಂಜೆ ಎಮ್ಮೆಯಂತೆ ಇರುತ್ತಿತ್ತು, ನಂಬುವ ಹಾಗಿರಲಿಲ್ಲ. ಬಾಡಿಗೆ ದನಿಗಳಲ್ಲೇ ಸುಖವಿತ್ತು. ಗಿರಾಕಿಯ ಮುಖ ನೋಡಿ "ದೇಖೋ ಸಾಬ್", "ಚೂಡಂಡಿ ಅಮ್ಮಾ", "ನೋಡ್ರಿ ಅಕ್ಕಾರ" ಎಂದು ಒಂದೇ ಉಸಿರಿನಲ್ಲಿ ಭಾಷೆ ಬದಲಿಸುವ ಅಪ್ಪ, ಗಲ್ಲಿಯಲ್ಲಿ ಗಾಡಿ ತಳ್ಳುವ ಉಳ್ಳಾಗಡ್ಡಿ ಯಾದಗಿರಿ, ಬಾಡಿಗೆ ಕೇಳುವಾಗ ಮಾತ್ರ ಕೆಮ್ಮುವ ಮನೆ ಮಾಲೀಕ, ಸ್ಟೇಷನ್ನಿನ ಧ್ವನಿವರ್ಧಕದ ಹೆಂಗಸು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಇದಕ್ಕೆ ಅವ್ವನಿಂದ ಲಟ್ಟಣಿಗೆಯ ಏಟು, ಮಾಲೀಕನಿಂದ ದೂರು ಸಿಗುತ್ತಿತ್ತು. ನನ್ನನ್ನು ಗಂಭೀರವಾಗಿ ತೆಗೆದುಕೊಂಡವಳು ಅತ್ತಿ ಒಬ್ಬಳೇ. ಅವಳನ್ನೇ ಅಣಕಿಸುತ್ತಿದ್ದಾಗ ಸಿಕ್ಕಿಬಿದ್ದ ದಿನ ನಾನು ತಲೆಗೆ ಕೈ ಅಡ್ಡ ಹಿಡಿದು ನಿಂತಿದ್ದೆ.

"ನಾ ಹಂಗ ಮೂಗಿನಾಗ ಹಾಡ್ತೀನೇನಲೇ?"

"ಹೂಂ ಅತ್ತಿ."

"ಹಂಗಾದ್ರ ಇನ್ನೊಂದೀಟು ಮೂಗು ಹಾಕು. ಮಾಡಿದ್ರ ನೆಟ್ಟಗ ಮಾಡು."

ಅವಳ ಲೋಕದಲ್ಲಿ ಮೆಚ್ಚುಗೆಗೆ ಒಂದೇ ಹೆಸರು, ಒನ್ಸ್ ಮೋರ್. ಕಂಪನಿ ನಾಟಕದಲ್ಲಿ ಹಾಡು ಮುಗಿದ ಮೇಲೆ ಜನ "ಒನ್ಸ್ ಮೋರ್" ಎಂದು ಕೂಗಿದರೆ ನಟರು ಅದೇ ಹಾಡನ್ನು ಮತ್ತೆ ಹಾಡಲೇಬೇಕು. ಇರಿತಕ್ಕೆ ಸತ್ತ ರಾಜನಾದರೂ ಸರಿ, ಎದ್ದು, ಧೋತರದ ಧೂಳು ಕೊಡವಿ, ಸಾಯುವ ಹಾಡನ್ನು ಮೊದಲಿನಿಂದ ಹಾಡಿ, ಇನ್ನೊಮ್ಮೆ ಸಾಯಬೇಕು. ಯಾರಿಗೂ ಅದು ವಿಚಿತ್ರ ಅನಿಸುತ್ತಿರಲಿಲ್ಲವಂತೆ. "ಚಪ್ಪಾಳಿ ಸೊಳ್ಳಿಗೂ ಹೊಡೀತಾರ," ಎನ್ನುತ್ತಿದ್ದಳು ಅತ್ತಿ. "ಬಾಯಿ ತಗದು ಕೂಗಿದ್ರ ಅದು ಹಾಡು." ಸಂಜೆ ಸಿಕಂದರಾಬಾದಿನಿಂದ ಹಾರ್ಮೋನಿಯಂ ಮಾಸ್ತರರು ಬರುತ್ತಿದ್ದರು. ರೈಲ್ವೆಯಿಂದ ನಿವೃತ್ತರಾದವರು, ಮಾತಿಗಿಂತ ತಲೆಯಾಡಿಸುವುದು ಹೆಚ್ಚು. ಕನ್ನಡಿ ಕೋಣೆಯಲ್ಲಿ ತಾಲೀಮು ನಡೆದು ಹಾಡು ಮುಗಿದೊಡನೆ ನಾನು ಹೊರಗಿನಿಂದ ನಾನಾ ದನಿಯಲ್ಲಿ ಒನ್ಸ್ ಮೋರ್ ಕೂಗುತ್ತಿದ್ದೆ. ಅತ್ತಿ ಒಳಗಿನಿಂದಲೇ ಹೆಸರು ಹೇಳುತ್ತಿದ್ದಳು. "ಅಂವ ಯಾದಗಿರಿ. ಅಂವ ನಿಮ್ಮಪ್ಪ. ಆ ಕೆಮ್ಮಿನಾಂವ ಮಾಲಕ. ಯಾಕಲೇ, ಇವತ್ತ ಸ್ಟೇಷನ್ ಬಾಯಿ ಬಂದಿಲ್ಲೇನು?" ಒಂದು ಸಲವೂ ತಪ್ಪಿದವಳಲ್ಲ.

ಆ ವರ್ಷ ಅವಳ ಹೊಸ ಯೋಜನೆ ಬಾಯಿಮಾತು ದಾಟಿ ಒಂದು ಹಾಡಿನವರೆಗೆ ಬಂದಿತ್ತು. ಕಂಪನಿಯಲ್ಲಿ ವಯಸ್ಸಾದ ಹೆಂಗಸಿಗೆ ತಾಯಿಯ ಪಾತ್ರ ಬಿಟ್ಟರೆ ಬೇರೆ ಇಲ್ಲ, ತಾಯಿಗೆ ಹಾಡೂ ಇಲ್ಲ. ಅವಳ ಪಾಲಿಗೆ ಇರುವುದು ಅಳು ಮತ್ತು ಕೆಮ್ಮು. ಅತ್ತಿಗೆ ತನ್ನ ವಯಸ್ಸಿನವಳೇ ನಾಯಕಿ ಬೇಕಿತ್ತು. ಹಾಗಾಗಿ ಅವಳೂ ಮಾಸ್ತರರೂ ಸೇರಿ ಬರೆಯುತ್ತಿದ್ದ ನಾಟಕದಲ್ಲಿ, ತಮ್ಮಂದಿರ ಮನೆ, ಮಕ್ಕಳ ಮನೆ ಎಂದು ತಿರುಗಿ ಸಾಕಾದ ಹೆಂಗಸೊಬ್ಬಳು ಈ ಊರಿನಲ್ಲಿ ತನಗೊಂದು ಬಾಡಿಗೆ ಕೋಣೆ ಹುಡುಕಲು ಹೊರಡುತ್ತಾಳೆ. ಅವಳು ಒಂದೊಂದೇ ಅಂತಸ್ತು ಹತ್ತಿದ ಹಾಗೆ ಹಾಡಿನ ಸ್ವರವೂ ಒಂದೊಂದೇ ಹತ್ತುತ್ತದೆ. ಪ್ರತಿ ಬಾಗಿಲಲ್ಲೂ "ಎಷ್ಟು ಮಂದಿ? ಗಂಡ ಎಲ್ಲಿ?" ಎಂಬ ಪ್ರಶ್ನೆ. ಕೊನೆಯ ಅಂತಸ್ತಿನಲ್ಲಿ ಉಸಿರು ಸಾಕಾಗಿ ಅವಳು ಮೆಟ್ಟಿಲ ಮೇಲೆ ಕೂರುತ್ತಾಳೆ, ಹಾಡು ಇಳಿಯದೆ ಅಲ್ಲೇ ನಿಲ್ಲುತ್ತದೆ. ಮೊದಲ ಸಲ ಅದನ್ನು ಕೇಳಿದ ಸಂಜೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಮರುದಿನ ಅತ್ತಿ ಬಾಗಿಲಲ್ಲಿ ನಿಂತಾಗ ತಲೆ ಎತ್ತಿ ನೋಡಿ ಚಹಾ ಕೊಟ್ಟಳು. 

ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಕರೆಯಲು ಕಾರ್ಯದರ್ಶಿ ಜೋಶಿಯವರು ಮನೆಗೆ ಬಂದರು. ಬ್ಯಾಂಕಿನವರು. ಹೌದು ಅನ್ನುವಾಗಲೂ ಇಲ್ಲ ಅನ್ನುವ ಮುಖ.

"ಬಾಯಾರ, ಮಂದಿ ಬರೂದು ಉಯ್ಯಾಲಿ ಹಾಡಿಗೆ. ಹೊಸಾದೆಲ್ಲ ಯಾಕ?"

"ಮೊದಲ ಹೊಸಾದು, ಆಮ್ಯಾಲ ಉಯ್ಯಾಲಿ. ಇಲ್ಲಂದ್ರ ನಾ ಬರೂದಿಲ್ರಿ."

ಜೋಶಿಯವರು ಅಪ್ಪನನ್ನು ನೋಡಿದರು, ಅಪ್ಪ ಚಪ್ಪಲಿಯನ್ನು ನೋಡಿದ.

"ಒಂದು ಮಾತು ಮಾಡೂಣ್ರಿ ಬಾಯಾರ. ಹೊಸಾದಕ್ಕ ಒಂದ ಒಂದು ಒನ್ಸ್ ಮೋರ್ ಬರಲಿ. ಬರೂ ವರ್ಷ ನಿಮ್ಮ ನಾಟಕಕ್ಕ ಹಾಲ್ ನಮ್ಮದು, ಖರ್ಚು ನಮ್ಮದು. ಬರಲಿಲ್ಲಂದ್ರ ಈ ನಾಟಕದ ಮಾತು ಮತ್ತ ಸಂಘದಾಗ ಎತ್ತಬಾರದು."

"ಎತ್ತೂದಿಲ್ಲ," ಎಂದಳು ಅತ್ತಿ. ಕಂಪನಿಯವಳಿಗೆ ಇದಕ್ಕಿಂತ ನ್ಯಾಯವಾದ ಷರತ್ತು ಇರಲಿಕ್ಕಿಲ್ಲ.

ವಾರ್ಷಿಕೋತ್ಸವದ ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಅವಳು ನನ್ನನ್ನು ಕನ್ನಡಿ ಕೋಣೆಗೆ ಕರೆದಳು. ದಂಡೆ ಮುಡಿದಾಗಿತ್ತು, ಕಾಡಿಗೆ ಹಚ್ಚಿಯಾಗಿತ್ತು.

"ವಿನ್ಯಾ, ನನ್ನ ತಲಿ ಮ್ಯಾಲ ಕೈ ಇಡು."

"ಯಾಕ ಅತ್ತಿ, ಟೋಪನ್ ಕೂದಲಾ ಗಟ್ಟಿ ಕುಂತೈತೇನು ನೋಡಾಕ?"

"ಬಾಯಿ ಮುಚ್ಚು. ಇವತ್ತ ನೀ ಕೂಗಬಾರದು. ನಿನ್ನ ದನಿಯಾಗೂ ಬ್ಯಾಡ, ಯಾರ ದನಿಯಾಗೂ ಬ್ಯಾಡ. ನೀ ಕೂಗಿ ನಾಟಕ ಆಗೂದು ನನಗ ಬೇಕಾಗಿಲ್ಲ. ತಿಳೀತ?"

ಕೈ ಇಟ್ಟೆ. ಅವಳ ತಲೆ ಬಿಸಿಯಾಗಿತ್ತು. ನಾನು ಕಂಡಂತೆ ಅವಳು ಯಾವ ಕಾರ್ಯಕ್ರಮಕ್ಕೂ ಹೆದರಿದವಳಲ್ಲ, ಆವತ್ತು ಹೆದರಿದ್ದಳು.

ಸಿಕಂದರಾಬಾದಿನ ಸಂಘದ ಹಾಲ್‌ನಲ್ಲಿ ಭಾಷಣಗಳಾದವು, ಮಕ್ಕಳ ಕೋಲಾಟವಾಯಿತು, ಹಿಂದಿನಿಂದ ಮಸಾಲೆ ಅನ್ನದ ವಾಸನೆ ಬರತೊಡಗಿತು. ಮುಂದಿನ ಸಾಲಿನಲ್ಲಿ ಅಪ್ಪ, ಅವ್ವ. ನಾನು ನಡುವಿನ ದಾರಿಯ ಪಕ್ಕದ ಕುರ್ಚಿಯಲ್ಲಿ. ಮಾಸ್ತರರು ಹಾರ್ಮೋನಿಯಂ ಎಳೆದರು, ಅತ್ತಿ ಹೊಸ ಹಾಡು ಎತ್ತಿಕೊಂಡಳು. ನನಗೆ ನನ್ನ ಬಾಯಿಯ ಮೇಲೆ ಭರವಸೆ ಇರಲಿಲ್ಲ. ಅದು ನನ್ನನ್ನು ಕೇಳಿ ತೆರೆದುಕೊಳ್ಳುವ ಬಾಯಿ ಅಲ್ಲ. ಅದಕ್ಕೆ ಕರವಸ್ತ್ರವನ್ನು ಉಂಡೆ ಮಾಡಿ ಹಲ್ಲುಗಳ ನಡುವೆ ತುರುಕಿಕೊಂಡು ಕೂತೆ. ಅತ್ತಿ ಅಂತಸ್ತು ಹತ್ತಿದಳು, ಬಾಗಿಲು ಬಡಿದಳು, ಮತ್ತೆ ಹತ್ತಿದಳು. ಉಯ್ಯಾಲೆ ಹಾಡಿನಲ್ಲಿ ಅವಳು ಮುಚ್ಚಿಡುತ್ತಿದ್ದ ದನಿಯ ಬಿರುಕನ್ನು ಇಲ್ಲಿ ಮುಚ್ಚಿಡಲಿಲ್ಲ, ಅದರ ಮೇಲೆಯೇ ಕಾಲಿಟ್ಟು ಹತ್ತಿದಳು. ಕೊನೆಯ ಸ್ವರ ಮೇಲೆಯೇ ನಿಂತಿತು. ಮುಗಿಯಿತೋ ಇಲ್ಲವೋ ಜನರಿಗೆ ತಿಳಿಯಲಿಲ್ಲ. ಅಲ್ಲೊಂದು ಇಲ್ಲೊಂದು ಚಪ್ಪಾಳೆ ಬಿತ್ತು, ಯಾರೋ ಮಗುವಿಗೆ ನೀರು ಕುಡಿಸಿದರು.

ಆಗ ಹಿಂದಿನಿಂದ ಕೇಳಿತು.

"ಒನ್ಸ್... ಮೋರ್."

ಒನ್ಸ್ ದೊಡ್ಡದಾಗಿ ಬಂತು. ಮೋರ್ ಬರುವಷ್ಟರಲ್ಲಿ ಕೂಗಿದವನಿಗೆ ತಾನು ಒಬ್ಬನೇ ಎಂದು ಗೊತ್ತಾಗಿತ್ತು. ತಿರುಗಿ ನೋಡಿದೆ. ಬಾಗಿಲ ಹತ್ತಿರ ಚೌಕಡಿ ಅಂಗಿಯ, ಅಪ್ಪನ ವಯಸ್ಸಿನ ಒಬ್ಬಾತ ನಿಂತಿದ್ದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅದರಿಂದಲೇ ಕಿವಿ ತುರಿಸಿಕೊಳ್ಳುತ್ತಿದ್ದ. ವೇದಿಕೆಯ ದೀಪ ಕಣ್ಣಿಗೆ ಹೊಡೆಯುತ್ತಿದ್ದರಿಂದ ಅತ್ತಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ. ಅವಳಿಗೆ ಕಂಡವನು ನಾನು, ಬಾಯಿಗೆ ಬಟ್ಟೆ ತುರುಕಿಕೊಂಡು, ಹಿಂದಕ್ಕೆ ಕತ್ತು ತಿರುಗಿಸಿ ಕೂತವನು. ಕೂಗಿ, ಸಿಕ್ಕಿಬೀಳದಿರಲು ನಾಟಕ ಹೂಡಿದ ಹುಡುಗ ಇನ್ನು ಹೇಗಿರುತ್ತಾನೆ? ಅವಳು ತುಟಿಯಲ್ಲಿ ಮಾತ್ರ ನಕ್ಕು, ಕೈ ಮುಗಿದು, ಮೈಕಿನಲ್ಲಿ ಹೇಳಿದಳು.

"ಈಗ ನಿಮ್ಮ ಉಯ್ಯಾಲಿ ಹಾಡು."

ಮತ್ತೆ ಅದೇ ಹಾಡಿಗೆಂದು ಬೆರಳಿಟ್ಟಿದ್ದ ಮಾಸ್ತರರು ಅವಳ ಮುಖ ನೋಡಿದರು. ಆಮೇಲೆ ಬೆರಳು ಸರಿಸಿದರು. ಹಾಲ್ ತುಂಬ ಗದ್ದಲವೆದ್ದಿತು. ಉಯ್ಯಾಲೆ ಹಾಡಿಗೆ ಒನ್ಸ್ ಮೋರ್ ಬಂತು, ಅದರ ಮೇಲೆ ಇನ್ನೊಂದು ಬಂತು.

ವೇದಿಕೆಯ ಪಕ್ಕದಲ್ಲಿ ಜೋಶಿಯವರು, ಪಾಪ, ತಾವಾಗಿಯೇ ಕೇಳಿದರು.

"ಬಾಯಾರ, ಹೊಸಾದಕ್ಕೂ ಒಂದು ಕೂಗು ಬಂದಂಗಿತ್ತಲ್ರಿ?"

"ಅದು ನಮ್ಮನಿ ಹುಡುಗಂದ್ರಿ. ಅದನ್ನ ಹಿಡೀಬ್ಯಾಡ್ರಿ."

ಮನೆಗೆ ಬಂದ ಮೇಲೆ ಅತ್ತಿ ದಂಡೆ ಬಿಚ್ಚಿ ಅಡುಗೆಮನೆಯ ನೆಲದ ಮೇಲೆ ಕೂತಳು. ಪ್ರವೇಶ ಮಾಡಲಿಲ್ಲ, ಸುಮ್ಮನೆ ಬಂದು ಕೂತಳು. ಅವ್ವ ರೊಟ್ಟಿ, ಪುಂಡಿಪಲ್ಯ ಹಾಕಿ ತಾಟು ಮುಂದಿಟ್ಟಳು. ಅತ್ತಿ ಅದನ್ನು ಮುಟ್ಟಲಿಲ್ಲ.

"ನಾ ಕೂಗಿಲ್ಲ ಅತ್ತಿ," ಎಂದೆ.

"ಬಾಯಾಗ ಅರಿವಿ ತುರಕೊಂಡು ಕುಂತಿದ್ದಿ!"

"ಕೂಗಬಾರದಂತ ತುರಕೊಂಡಿದ್ದೆ."

"ಬಾಯಾಗ ಅರಿವಿ ಇಟಗೊಂಡು ಕೂಗಾಕ ಬರತೈತೇನಕ್ಕಾ?" ಎಂದ ಅಪ್ಪ. ನನ್ನ ಪರವಾಗಿ ಅವನು ಆಡಿದ ಮೊದಲ ಮಾತು ಅದು.

"ಇವಗ ಬರತೈತಿ."

ಅದೂ ನಿಜವೇ. ಬಾಯಿ ತುಂಬ ಪೂರಿ ಇಟ್ಟುಕೊಂಡು ಸ್ಟೇಷನ್ನಿನ ಘೋಷಣೆ ಮಾಡಿ ತೋರಿಸಿದವನು ನಾನೇ. ಚೌಕಡಿ ಅಂಗಿಯ ಮನುಷ್ಯನ ವಿಷಯ ಹೇಳಿದೆ. ಹೇಳುತ್ತಿರುವಾಗಲೇ ಅದು ನನ್ನ ಕಿವಿಗೂ ಕಟ್ಟಿದ ಕತೆಯಂತೆ ಕೇಳಿತು. ಎಲ್ಲರ ದನಿಯಲ್ಲಿ ಮಾತಾಡಿ ಮಾತಾಡಿ, ನನ್ನ ದನಿಯಲ್ಲಿ ಒಂದು ನಿಜ ಹೇಳಬೇಕಾದಾಗ ಅದನ್ನು ಹೇಗೆ ಹೇಳುವುದೆಂದು ನನಗೆ ಬರುತ್ತಿರಲಿಲ್ಲ.

ಆಗ ಒಲೆಯ ಕಡೆ ಮುಖ ಮಾಡಿದ್ದ ಅವ್ವ ತಿರುಗಿದಳು.

"ಕೂಗಿದ್ದು ಇವನ ಅಂದ್ರ ಮತ್ತ ಕೂಗಲಿ ಬಿಡ್ರಿ ಅಕ್ಕಾರ. ಅದ ದನೀಲೆ ಕೂಗಲಿ. ನಿಮಗ ಗೊತ್ತಾಗೂದಿಲ್ಲೇನು?"

ಅತ್ತಿ ಕಣ್ಣು ಮುಚ್ಚಿದಳು. ನಾನು ಗಂಟಲು ಸರಿಮಾಡಿಕೊಂಡು ಕೂಗಿದೆ.

"ಇದು ಯಾದಗಿರಿ," ಎಂದಳು.

ಇನ್ನೊಮ್ಮೆ ಕೂಗಿದೆ.

"ಇದು ನಿಮ್ಮಪ್ಪ, ನೆಗಡಿ ಆದಾಗ."

ಮೂರನೇ ಸಲ ನನಗೆ ಛಲ ಬಂತು. ನಿರಪರಾಧಿ ಎಂದು ತೋರಿಸಬೇಕಾದರೆ ಸೋಲಬೇಕು ಎಂಬುದನ್ನೇ ಮರೆತು, ಗೆಲ್ಲಲು ಕೂಗಿದೆ. ಒನ್ಸ್ ಎತ್ತರಿಸಿ, ನಡುವೆ ಮುರಿದು, ಮೋರ್ ಅನ್ನು ಒಳಗೆ ಎಳೆದುಕೊಂಡೆ. ನನ್ನ ಮಟ್ಟಿಗೆ ಥೇಟ್ ಅವನೇ. ಅತ್ತಿ ಕಣ್ಣು ತೆರೆದಳು.

"ನೀ ಮಾಡಿ ತೋರಿಸಿದಿ. ಅಂವ ನಾಚಿಕೊಂಡು ಕೂಗಿದ್ದ," ಎಂದಳು. "ಇದು ನಿನಗ ಬರೂದಿಲ್ಲ ಬಿಡು. ನಾಚಿಕಿ ಅನ್ನೂದು ನಿನ್ನ ಮೈಯಾಗ ಎಲ್ಲೂ ಇಲ್ಲ."

"ಅದು ಖರೆ," ಎಂದ ಅಪ್ಪ.

"ಖರೆ," ಎಂದಳು ಅವ್ವ.

ಆ ಮನೆಯಲ್ಲಿ ಮೂವರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಅದೊಂದೇ ಸಲ ಕಂಡಿದ್ದು. ಇವತ್ತು ನಾನು ಹೊಟ್ಟೆ ಹೊರೆಯುವುದು ಮದುವೆ ಮನೆ, ಕಾಲೇಜು ದಿನಾಚರಣೆಗಳಲ್ಲಿ ದನಿ ಮಾರಿಕೊಂಡು. ಮಂತ್ರಿಗಳಿಂದ ಹಿಡಿದು ಮಿಕ್ಸರ್‌ವರೆಗೆ ಎಲ್ಲ ಬರುತ್ತದೆ. ಆ ಒಂದು ಕೂಗು ಮಾತ್ರ ಬಾರದು. ಒಬ್ಬನೇ ಇದ್ದಾಗ ಈಗಲೂ ಪ್ರಯತ್ನಿಸುತ್ತೇನೆ.

ಅತ್ತಿ ತಾಟನ್ನು ಹತ್ತಿರ ಎಳೆದುಕೊಂಡಳು, ರೊಟ್ಟಿ ಮುರಿದಳು, ತಿನ್ನಲಿಲ್ಲ.

"ಯಾರಂವ?"

"ಗೊತ್ತಿಲ್ಲ ಅತ್ತಿ. ಬಾಗಲ ಹತ್ರ ನಿಂತಿದ್ದ."

"ಆಮ್ಯಾಲ ಕುಂತನೇನು?"

ಸುಳ್ಳು ಹೇಳಬಹುದಿತ್ತು. ಆದರೆ ಆಗ ತಾನೇ ನನ್ನ ಮಾತು ನಂಬಲು ಶುರು ಮಾಡಿದ್ದರು.

"ಇಲ್ಲ. ಉಯ್ಯಾಲಿ ಹಾಡು ಸುರು ಆದ ಕೂಡ್ಲೆ ಹೋದ."

"ಊಟಕ್ಕೂ ನಿಲ್ಲಲಿಲ್ಲ?"

"ನಿಲ್ಲಲಿಲ್ಲ."

ಸಂಘದ ಊಟ ಬಿಟ್ಟು ಹೋದವನನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅವ್ವ "ಅಯ್ಯ" ಎಂದಳು. ಅತ್ತಿ ರೊಟ್ಟಿಯನ್ನು ಪೂರ್ತಿ ತಿಂದಳು, ಕೈ ತೊಳೆದಳು, ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅಪ್ಪನ ಫೋನು ತೆಗೆದುಕೊಂಡು ಮಾಸ್ತರರಿಗೆ ಹಚ್ಚಿದಳು. ಕೊನೆಯ ಸಾಲಿನವರಿಗೆ ಕೇಳುವ ದನಿಯಲ್ಲೇ ಅವಳು ಫೋನಿನಲ್ಲೂ ಮಾತಾಡುವುದು, ಹಾಗಾಗಿ ನಾವು ಕದ್ದು ಕೇಳಬೇಕಾಗಿರಲಿಲ್ಲ.

"ಮಾಸ್ತರ, ಅದು ಹುಡುಗಂದಲ್ರಿ. ಖರೇನ ಬಂದಿತ್ತು... ಹೂಂ, ಒಂದ... ಛೇ, ಜೋಶಿಗೆ ಹೆಂಗ ಹೇಳಾಕ ಬರತೈತ್ರಿ? ಅದನ್ನ ಹಿಡೀಬ್ಯಾಡ್ರಿ ಅಂತ ನಾನ ಹೇಳಿ ಬಂದೀನಿ. ಮಾತು ಕೊಟ್ಟೀನಿ, ಮತ್ತ ಎತ್ತಾಂಗಿಲ್ಲ. ಹಾಲ್ ಇಲ್ಲಂದ್ರ ಇಲ್ಲ... ನೀವು ನಾಳೆ ಮುಂಜಾನೆ ಬರ್ರಿ. ಎರಡನೇ ಹಾಡಿಗೆ ಕೂಡೂಣು... ಅದಕ್ಕ ಸುರ ಒಂದೀಟು ಏರಿಸಿ ಇಡ್ರಿ ಮಾಸ್ತರ. ಅಂವ ಬಾಗಲದಾಗ ನಿಂತಿದ್ದನಂತ. ಅಲ್ಲಿತನಕ ಮುಟ್ಟಬೇಕು."